ಕೆಳಗಿನ ಮನೆಯ ಕಿಟಕಿಗಳು

ಫೆಬ್ರವರಿ ೬, ಗುರುವಾರ

ಕೆಳಗಿನ ಮನೆಗೆ ಇವತ್ತು ಬಾಡಿಗೆಯವರು ಬಂದರು. ನಮ್ಮವರು ತೀರಿಕೊಂಡ ಮೇಲೆ ಇಷ್ಟು ದೊಡ್ಡ ಮನೆಯಲ್ಲಿ ನಾನೂ ಅತ್ತೆಯೂ ಇಬ್ಬರೇ. ನಮ್ಮದು ಮೊದಲಿಂದಲೂ ಎಣ್ಣೆ ಸೀಗೆಕಾಯಿ. ಅವರು ಹಜಾರಕ್ಕೆ ಬಂದರೆ ನಾನು ಅಡುಗೆಮನೆಗೆ, ನಾನು ಅಡುಗೆಮನೆಗೆ ಹೋದರೆ ಅವರು ಹಿತ್ತಲಿಗೆ. ಈಗ ಇಬ್ಬರೂ ಮಹಡಿಯ ಎರಡು ಕೋಣೆಗೆ ಹತ್ತಿ ಕೂತಿದ್ದೇವೆ. ತಪ್ಪಿಸಿಕೊಳ್ಳೋಕೆ ಬಾಲ್ಕನಿ ಬಿಟ್ಟರೆ ಜಾಗವಿಲ್ಲ.

ಬಾಡಿಗೆಯವನು ಇಸ್ತ್ರಿ ಅಂಗಿಯ ಮನುಷ್ಯ, ಮಾತು ಮೆತ್ತಗೆ. ಸಾಬೂನು, ನೆಲ ಒರೆಸುವ ದ್ರಾವಣ ಇಂಥವನ್ನು ಸಣ್ಣ ಮಟ್ಟದಲ್ಲಿ ತಯಾರಿಸುತ್ತಾನಂತೆ. ಜತೆಗೆ ಹೆಂಡತಿ, ಇನ್ನೂ ಹುಡುಗಿ, ಕಡ್ಡಿಯ ಹಾಗಿದ್ದಾಳೆ, ತುಟಿ ಬಿಚ್ಚಲಿಲ್ಲ. ನಮ್ಮ ಪಾಡಿಗೆ ನಾವು ಇರ್ತೀವಿ ಮೇಡಂ, ನಮ್ಮಿಂದ ನಿಮಗೆ ಯಾವ ತೊಂದರೆಯೂ ಇರಲ್ಲ ಅಂದ. ನನಗೂ ಬೇಕಿದ್ದದ್ದು ಅದೇ.

ಬರೆಯುವ ಅಭ್ಯಾಸ ನನಗಿಲ್ಲ. ನಾನು ಮಕ್ಕಳಿಗೆ ಈಜು ಕಲಿಸುವವಳು. ನೀರಲ್ಲಿ ಬರವಣಿಗೆಗೇನು ಕೆಲಸ? ಆದರೆ ಈಜುಕೊಳದ ಟಿಕೆಟ್ ಕೌಂಟರಿನವಳು ಹೇಳಿದಳು, "ಮಾತಾಡೋಕೆ ಯಾರೂ ಇಲ್ಲ ಅಂದ್ರೆ ಬರೀರಿ ಮೇಡಂ. ಕಾಗದ ಎದುರು ಮಾತಾಡಲ್ಲ." ಅತ್ತೆ ಎದುರು ಮಾತಾಡ್ತಾರೆ. ಹಾಗಾಗಿ ಕಾಗದವೇ ವಾಸಿ.

ಫೆಬ್ರವರಿ ೧೫, ಶನಿವಾರ

ಈ ಬೀದಿಗೆ ಮದುವೆಯಾಗಿ ಬಂದು ಎಷ್ಟೋ ವರ್ಷವಾಯಿತು. ಬೀದಿಯವರಿಗೆಲ್ಲ ಬೇಕಾಗಿದ್ದವರು ನಮ್ಮವರು. ಗೇಟಿನ ಹತ್ತಿರ ನಿಂತರೆ ಅರ್ಧ ಗಂಟೆ ಅಲ್ಲಾಡುತ್ತಿರಲಿಲ್ಲ. ನಾನು 'ಅವರ ಮನೆಯವರು', ಅಷ್ಟೇ. ಜನರ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ನಾನೇ ಇಟ್ಟುಕೊಂಡ ಹೆಸರುಗಳಿವೆ. ಎದುರುಮನೆಯ ಹೊಲಿಗೆಯವಳು ರೇಡಿಯೋ, ಬೆಳಿಗ್ಗೆ ಬಾಗಿಲು ತೆರೆದರೆ ಪ್ರಸಾರ ಶುರು. ಪಕ್ಕದ ಮನೆಯ ನಿವೃತ್ತ ಶಿಕ್ಷಕರು ನಾಯಿ ಮೇಷ್ಟ್ರು, ಮೇಷ್ಟ್ರು ನಾಯಿಯನ್ನು ಸುತ್ತಾಡಿಸುತ್ತಾರೋ ನಾಯಿ ಮೇಷ್ಟ್ರನ್ನೋ ದೇವರಿಗೇ ಗೊತ್ತು.

ಇವತ್ತು ಕೆಲಸದಿಂದ ಬರುವಾಗ ರೇಡಿಯೋ ಕೂಗಿದಳು. ಕೇಳಿಸದ ಹಾಗೆ ಮೆಟ್ಟಿಲು ಹತ್ತಿದೆ.

ಫೆಬ್ರವರಿ ೨೭, ಗುರುವಾರ

ಬೇಡ ಅಂದರೂ ಬಂತು. ರೇಡಿಯೋ ಮಹಡಿಗೇ ಹತ್ತಿ ಬಂದಳು. ನಿಮ್ಮ ಕೆಳಗಿನ ಮನೆಯಿಂದ ಎಂಥದೋ ಕೆಟ್ಟ ವಾಸನೆ ಬರ್ತಿದೆ, ಒಂದೊಂದು ಸಲ ಬಣ್ಣದ ಡಬ್ಬ ತೆರೆದ ಹಾಗೆ, ಒಂದೊಂದು ಸಲ ಬೆಕ್ಕು ಉಚ್ಚೆ ಹೊಯ್ದ ಹಾಗೆ, ನನ್ನ ಮೊಮ್ಮಗಳು ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಾಳೆ ಅಂದಳು. ನನಗೇನೂ ಬರ್ತಿಲ್ಲ ಅಂದೆ. ಸುಳ್ಳಲ್ಲ. ಇಷ್ಟು ವರ್ಷ ಕ್ಲೋರಿನ್ ಕುಡಿದ ಮೂಗು ನನ್ನದು, ಹಾಲು ಉಕ್ಕಿ ಸೀದರೂ ಗೊತ್ತಾಗುವುದು ಹೊಗೆ ಕಣ್ಣಿಗೆ ಬಿದ್ದ ಮೇಲೆ.

"ಸಾಬೂನು ಮಾಡೋ ಮನೆ, ಮಲ್ಲಿಗೆ ಘಮ ಬರುತ್ತಾ?" ಅಂತ ಕೇಳಿಬಿಟ್ಟೆ. ಅವಳ ಮುಖ ಸಪ್ಪಗಾಯಿತು. ಅವಳು ಇಳಿದು ಹೋದ ಮೇಲೆ ಅತ್ತೆ ಒಳಗಿಂದ, "ಬೆಕ್ಕು ನಮ್ಮ ಬೀದೀಲಿ ಎಲ್ಲಿದೆ? ಮೇಷ್ಟ್ರ ನಾಯಿ ಬಿಟ್ಟಿದ್ರೆ ತಾನೆ," ಅಂದರು.

ಮಾರ್ಚ್ ೯, ಭಾನುವಾರ

ಕೆಳಗಿನ ಕಿಟಕಿಗಳಿಗೆಲ್ಲ ಒಳಗಿನಿಂದ ಕಪ್ಪು ಹಾಳೆ ಅಂಟಿಸಿದ್ದಾರೆ. ಇಷ್ಟು ಸೆಕೆಯಲ್ಲಿ ಯಾಕೆ ಅಂತ ಕೇಳಿದೆ. ಬಿಸಿಲು ಬಿದ್ದರೆ ಸಾಬೂನಿನ ಬಣ್ಣ ಹೋಗುತ್ತೆ ಮೇಡಂ ಅಂದ. ಇರಬಹುದು.

ಬಚ್ಚಲ ನೀರು ಹೊರಗೆ ಬೀಳುವ ಕಡೆ ನಮ್ಮವರು ಒಂದು ಬಳ್ಳಿ ಹಬ್ಬಿಸಿದ್ದರು. ಬುಡದಿಂದ ಅರ್ಧದವರೆಗೆ ಸುಟ್ಟ ಹಾಗೆ ಕಂದಿದೆ. ನೀರು ಹಾಕಿದೆ. ಬಿಸಿಲಿಗೇ ಇರಬೇಕು.

ಮಾರ್ಚ್ ೧೨, ಬುಧವಾರ

ಅತ್ತೆಗೆ ಕಣ್ಣುರಿ, ತಲೆನೋವು. ಡಾಕ್ಟರು ಗಂಟಲು ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿದರು. ಮನೆಯ ಹತ್ತಿರ ಬಣ್ಣದ್ದೋ ರಾಸಾಯನಿಕದ್ದೋ ಕೆಲಸ ನಡೀತಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ರಿಕ್ಷಾದಲ್ಲಿ ಬರುವಾಗಲೂ ಒಂದು ಮಾತಾಡಲಿಲ್ಲ. ಅತ್ತೆ ಸುಮ್ಮನಿದ್ದರೆ ನನಗೆ ಹೆದರಿಕೆ.

ಮಾರ್ಚ್ ೨೦, ಗುರುವಾರ

ಕೆಳಗಿನ ಹುಡುಗಿ ಬಟ್ಟೆ ಒಣಗಿಸೋಕೆ ತಾರಸಿಗೆ ಬಂದಿದ್ದಳು. ಗಂಡ ಹೊರಗೆ ಹೋಗಿದ್ದ ಹಾಗಿತ್ತು. ಬಲಗೈಯ ಹಿಂಬದಿ ಪೂರ್ತಿ ಸಿಪ್ಪೆ ಸುಲಿದು ಕೆಂಪಗಾಗಿದೆ. ಏನಮ್ಮಾ ಇದು ಅಂದರೆ, ಸಾಬೂನಿಗೆ ಹಾಕೋ ಕಾಸ್ಟಿಕ್ ಸೋಡಾ ಬಿತ್ತು ಆಂಟಿ ಅಂದಳು. ಒಳಗೆ ಕರೆದು ತಣ್ಣೀರಲ್ಲಿ ತೊಳೆದು ಮುಲಾಮು ಹಚ್ಚಿದೆ. ಅತ್ತೆ ಅವಳ ಎದುರು ತಟ್ಟೆ ಇಟ್ಟು, "ಉಣ್ಣು," ಅಂದರು. ತಲೆ ಎತ್ತದೆ ಉಂಡಳು. ಊಟ ಕಂಡು ಎಷ್ಟು ಹೊತ್ತಾಗಿತ್ತೋ. ಕೆಳಗೆ ಗೇಟು ಸದ್ದಾದದ್ದೇ ತಡ, ಬಾಯಿಯಲ್ಲಿದ್ದ ತುತ್ತು ಹಾಗೇ ಇಟ್ಟುಕೊಂಡು ಎದ್ದು ಓಡಿದಳು.

"ಗಂಡ ಬಂದ ಅಂತ ಹೆಂಡತಿ ಹೀಗೆ ಓಡಲ್ಲ," ಅಂದರು ಅತ್ತೆ. "ನೀನು ಓಡ್ತಿದ್ದೆಯಾ?"

ಇಲ್ಲ, ನಾನು ಓಡುತ್ತಿರಲಿಲ್ಲ.

ಮಾರ್ಚ್ ೨೯, ಶನಿವಾರ

ವಾಚನಾಲಯದ ಹಾಲಿನಲ್ಲಿ ಇವತ್ತು ಸಭೆ. ಪೊಲೀಸು ಇಲಾಖೆಯಿಂದ ಒಬ್ಬ ಇನ್‌ಸ್ಪೆಕ್ಟರಮ್ಮ, ಆರೋಗ್ಯ ಕೇಂದ್ರದ ನರ್ಸು ಬಂದಿದ್ದರು. ನನಗೆ ಹೋಗುವ ಮನಸ್ಸಿರಲಿಲ್ಲ. ಅತ್ತೆ ಸೀರೆ ಉಟ್ಟು ಕೋಲು ಹಿಡಿದು ಬಾಗಿಲಲ್ಲಿ ನಿಂತುಬಿಟ್ಟರು. ಒಬ್ಬರನ್ನೇ ಹೇಗೆ ಕಳಿಸಲಿ.

ಇನ್‌ಸ್ಪೆಕ್ಟರಮ್ಮ ನಮ್ಮ ಜತೆ ಮಾತಾಡಿದ್ದು ಪಕ್ಕದ ಮನೆಯವಳು ಕಟ್ಟೆಗೆ ಬಂದು ಕೂತು ಮಾತಾಡಿದ ಹಾಗೆ. ಮಾದಕವಸ್ತು ಮಾಡುವವರು ಎಲ್ಲೋ ಕಾಡಲ್ಲಿ, ಪಾಳು ಗೋದಾಮಲ್ಲಿ ಇರ್ತಾರೆ ಅಂದ್ಕೋಬೇಡಿ ಅಂದರು. ಮರ್ಯಾದಸ್ಥರ ಬೀದಿಯಲ್ಲಿ ಮರ್ಯಾದಸ್ಥರ ಹಾಗೆ ಮನೆ ಹಿಡೀತಾರೆ. ಜಗಳ ಆಡಲ್ಲ, ಗಲಾಟೆ ಮಾಡಲ್ಲ. ಕಿಟಕಿ ಮುಚ್ಚಿರ್ತಾರೆ, ಯಾರನ್ನೂ ಒಳಗೆ ಬಿಡಲ್ಲ. ಫ್ಯಾನು ಹಗಲೂ ರಾತ್ರಿ ತಿರುಗ್ತಾನೇ ಇರುತ್ತೆ. ಮನೆಯ ಕಸವನ್ನ ಬೀದಿಯ ತೊಟ್ಟಿಗೆ ಹಾಕಲ್ಲ, ಗಾಡಿಯಲ್ಲಿ ಬೇರೆಲ್ಲೋ ಒಯ್ತಾರೆ. ಬಣ್ಣಕ್ಕೆ ಬೆರೆಸೋ ಥಿನ್ನರಿನ ವಾಸನೆ, ಬೆಕ್ಕಿನ ಉಚ್ಚೆಯ ವಾಸನೆ. ನೀರು ಹೋದ ಕಡೆ ಗಿಡ ಸಾಯುತ್ತೆ. ನರ್ಸು ಎದ್ದು, ಆ ಗಾಳಿ ಮೊದಲು ಹಿಡಿಯೋದು ಮಕ್ಕಳನ್ನ, ವಯಸ್ಸಾದವರನ್ನ ಅಂದರು. ಇನ್‌ಸ್ಪೆಕ್ಟರಮ್ಮ ಮುಂದುವರಿಸಿದರು, ಇವುಗಳಲ್ಲಿ ಒಂದು ಕಂಡ್ರೆ ಏನೂ ಅಲ್ಲದೆ ಇರಬಹುದು, ಎಲ್ಲಾ ಒಟ್ಟಿಗೆ ಕಂಡ್ರೆ ಫೋನ್ ಮಾಡಿ. ನೀವಾಗಿ ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ, ಅವರ ಜತೆ ಜಗಳಕ್ಕೆ ನಿಲ್ಲಬೇಡಿ. ಒಂದು ಕಿಡಿ ಸಾಕು, ಮನೆ ಹಾರಿಹೋಗುತ್ತೆ.

ಒಂದೊಂದು ಮಾತು ಬಂದ ಹಾಗೂ ಯಾರೋ ನನ್ನ ಮನೆಯ ಒಂದೊಂದೇ ಕಲ್ಲು ಕಿತ್ತು ಎದುರಿಗಿಟ್ಟ ಹಾಗಾಯಿತು. ರೇಡಿಯೋ ಎರಡು ಸಾಲು ಮುಂದೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ತಿರುಗಿ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಜಾಸ್ತಿ ಚುಚ್ಚಿತು.

ಮಾರ್ಚ್ ೩೦, ಭಾನುವಾರ

ಇವತ್ತು ಹೇಳುವಂಥದ್ದು ಏನೂ ಇಲ್ಲ. ಕೆಳಗೆ ಫ್ಯಾನು ತಿರುಗುತ್ತಿದೆ.

ಏಪ್ರಿಲ್ ೧, ಮಂಗಳವಾರ

ಮೂರು ದಿನದಿಂದ ಮನಸ್ಸಲ್ಲಿಟ್ಟುಕೊಂಡಿದ್ದನ್ನು ಇವತ್ತು ಅತ್ತೆಯ ಮುಂದೆ ಹೇಳಿದೆ. ಪೊಲೀಸಿಗೆ ಹೇಳಿದರೆ ಮನೆಗೆ ಬೀಗ ಹಾಕುತ್ತಾರೆ. ನಿಮ್ಮ ಮಗ ಒಂದೊಂದು ಇಟ್ಟಿಗೆ ನಿಂತು ಹಾಕಿಸಿದ ಮನೆ. ಬೀದಿಯವರು ನಮ್ಮ ಮುಖಕ್ಕೆ ಉಗಿಯುತ್ತಾರೆ. ಮೆಲ್ಲಗೆ ಅವನಿಗೆ ಮನೆ ಖಾಲಿ ಮಾಡು ಅಂದರೆ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ ಅಂದೆ.

ಅತ್ತೆ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಮಲಗಿದ್ದರು. ಬಟ್ಟೆ ತೆಗೆದು ಎದ್ದು ಕೂತರು. "ಹಾವು ಸಾಯದಿದ್ರೆ ಎಲ್ಲಿಗೆ ಹೋಗುತ್ತೆ? ಇನ್ನೊಂದು ಮನೆ ಸೇರ್ಕೊಳ್ಳುತ್ತೆ. ಅಲ್ಲೂ ಒಂದು ಮಗು ಕೆಮ್ಮುತ್ತೆ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು, "ನನ್ನ ಮಗ ಹೋದಾಗಲೇ ಆ ಮನೆ ಹೋಯ್ತು. ಈಗ ಇರೋದು ಬರೀ ಗೋಡೆ. ಗೋಡೆ ಉಳಿಸ್ಕೊಂಡು ನಾವು ಮಾಡೋದೇನು?"

ಅವರು ಮಗನ ಸಾವನ್ನು ನನ್ನೆದುರು ಬಾಯಿಬಿಟ್ಟು ಆಡಿದ್ದು ಇದೇ ಮೊದಲು. ನಾವಿಬ್ಬರೂ ಅತ್ತೆವು, ಒಂದೇ ಮಂಚದ ಮೇಲೆ ಕೂತು. ಆಮೇಲೆ ಅವರೇ ಫೋನು ತಂದು ನನ್ನ ಕೈಗೆ ಕೊಟ್ಟರು.

ಏಪ್ರಿಲ್ ೩, ಗುರುವಾರ

ಇನ್‌ಸ್ಪೆಕ್ಟರಮ್ಮ ಮನೆಗೆ ಬರಲಿಲ್ಲ, ಈಜುಕೊಳಕ್ಕೆ ಬಂದರು, ಸಾದಾ ಬಟ್ಟೆಯಲ್ಲಿ, ಮಗಳನ್ನು ಸೇರಿಸುವ ತಾಯಿಯ ಹಾಗೆ. ನಾನು ಹೇಳಿದ್ದನ್ನೆಲ್ಲ ಕೇಳಿದರು. ಪರಿಶೀಲನೆ ಮಾಡಿ, ರಾಸಾಯನಿಕ ತಜ್ಞರನ್ನು, ಅಗ್ನಿಶಾಮಕದವರನ್ನು ಕೂಡಿಸಿಕೊಂಡು ಬರಬೇಕು, ಸ್ವಲ್ಪ ದಿನ ಹಿಡಿಯುತ್ತೆ. ಅಲ್ಲಿಯವರೆಗೆ ಏನೂ ಆಗಿಲ್ಲದ ಹಾಗಿರಿ, ಬೀದಿಯಲ್ಲಿ ಯಾರಿಗೂ ಹೇಳಬೇಡಿ, ಸುದ್ದಿ ಅವನ ಕಿವಿಗೆ ಬಿದ್ದರೆ ಸಾಮಾನು ಸುಟ್ಟು ಓಡಿಹೋಗ್ತಾನೆ, ಆ ಬೆಂಕಿಯಲ್ಲಿ ಯಾರ್ಯಾರು ಇರ್ತಾರೋ ಅಂದರು. ಅತ್ತೆಯನ್ನು ಬೇರೆ ಕಡೆ ಕಳಿಸಿ ಅಂತಲೂ ಹೇಳಿದರು.

ಅತ್ತೆ ಕೇಳುತ್ತಾರಾ? "ಮುದುಕಿ ಇದ್ದಕ್ಕಿದ್ದ ಹಾಗೆ ಗಂಟು ಕಟ್ಟಿದ್ರೆ ಅವನಿಗೆ ಅನುಮಾನ ಬರಲ್ವಾ?" ಅಂತ ಬಾಲ್ಕನಿ ಬಾಗಿಲು ತೆಗೆದು ಅಲ್ಲೇ ಚಾಪೆ ಹಾಸಿಕೊಂಡರು.

ನನ್ನ ಚಿಂತೆ ಬೇರೆಯದು. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ನಮ್ಮ ಕಾಂಪೌಂಡಿಗೆ ಒರಗಿಕೊಂಡೇ ಆಡುತ್ತವೆ. ಬಾಯಿ ಬಿಡುವ ಹಾಗಿಲ್ಲ. ಬಿಡದೆ ಇರುವುದು ಹೇಗೆ?

ಏಪ್ರಿಲ್ ೫, ಶನಿವಾರ

ನಿನ್ನೆ ಒಂದು ದಾರಿ ಹೊಳೆಯಿತು. ಇವತ್ತು ಬೆಳಿಗ್ಗೆ ಎದ್ದು ಎದುರುಮನೆಯಿಂದ ಶುರು ಮಾಡಿ ಒಂದೊಂದೇ ಬಾಗಿಲು ತಟ್ಟಿದೆ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನನ್ನ ಜತೆ ಈಜುಕೊಳಕ್ಕೆ ಕಳಿಸಿ, ಬೇಸಿಗೆ, ನಾನು ಕಲಿಸುತ್ತೇನೆ, ನಾನೇ ಕರೆದುಕೊಂಡು ಹೋಗಿ ನಾನೇ ಕರೆತರುತ್ತೇನೆ ಅಂದೆ. ಈಜುಕೊಳದ ಮ್ಯಾನೇಜರಿಗೆ ನಿನ್ನೆಯೇ ಹೇಳಿ ಒಪ್ಪಿಸಿದ್ದೆ.

ಇಷ್ಟು ವರ್ಷ ಮುಖ ಎತ್ತಿ ನೋಡದವಳು ಈಗ ಬಂದು ಮಕ್ಕಳನ್ನು ಕೊಡಿ ಅಂದರೆ ಜನ ಏನಂದುಕೊಳ್ಳಬೇಕು? ನಾಯಿ ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮೊಮ್ಮಕ್ಕಳಿಬ್ಬರ ಹೆಸರು ಹೇಳಿದರು. ಹೊಲಿಗೆಯವರು ಮಾತ್ರ ಕಾರಣ ಕೇಳಲಿಲ್ಲ. ನನ್ನ ಮುಖವನ್ನು ಸೂಜಿಗೆ ದಾರ ಪೋಣಿಸುವಾಗ ನೋಡುವ ಹಾಗೆ ನೋಡಿ, "ಮೊಮ್ಮಗಳು ಚಿಕ್ಕೋಳು, ಅವಳನ್ನೂ ಕರ್ಕೊಂಡು ಹೋಗ್ತೀರಾ? ಈಜೋದು ಬೇಡ, ಅಲ್ಲಿ ಕೂತಿರಲಿ," ಅಂದರು. ಹೂಂ ಅಂದೆ.

ಅವರಿಗೆ ಗೊತ್ತಾಗಿದೆ ಅನಿಸುತ್ತೆ. ಆದರೂ ಬೀದಿಯಲ್ಲಿ ಒಂದು ಪಿಸುಮಾತಿಲ್ಲ. ರೇಡಿಯೋ ಅಂತ ಹೆಸರಿಟ್ಟವಳು ನಾನು.

ಏಪ್ರಿಲ್ ೧೧, ಶುಕ್ರವಾರ

ಮೈಕೈ ನುಚ್ಚುನೂರು. ಬೀದಿಯುದ್ದಕ್ಕೂ ಮಕ್ಕಳ ಮೆರವಣಿಗೆ, ಹೆಗಲಲ್ಲಿ ಟವೆಲು. ಕಪ್ಪೆಗಳ ಹಾಗೆ ನೀರಿಗೆ ಬೀಳುತ್ತವೆ. ಮೇಷ್ಟ್ರ ದೊಡ್ಡ ಮೊಮ್ಮಗಳಿಗೆ ಮುಖ ಮುಳುಗಿಸೋಕೆ ಭಯ, ಇವತ್ತು ಮುಳುಗಿಸಿದಳು. ಆಮೇಲೆ ಎದ್ದೇಳೋಕೇ ಒಲ್ಲೆ ಅಂದಳು.

ಕೆಳಗಿನ ಹುಡುಗಿಯ ಯೋಚನೆ ಬಿಡುತ್ತಿಲ್ಲ. ಪೊಲೀಸರು ಬಂದಾಗ ಅವಳೂ ಒಳಗಿದ್ದರೆ? ಇವತ್ತು ಅವನು ಮೆಟ್ಟಿಲ ಹತ್ತಿರ ಸಿಕ್ಕ. ನಗುತ್ತಾ ಹೇಳಿದೆ, "ನಿಮ್ಮ ಹೆಂಡತೀನ ಕೂಡಿ ಹಾಕಿದ್ದೀರಾ ಅಂತ ಬೀದೀಲಿ ಮಾತಾಡ್ಕೊಳ್ತಿದ್ದಾರೆ. ಮಕ್ಕಳ ಜತೆ ಒಂದು ಗಂಟೆ ಕಳಿಸಿ, ಎಲ್ಲರ ಬಾಯಿಯೂ ಮುಚ್ಚುತ್ತೆ." ಅವನಿಗೆ ಬೇಡವಾದದ್ದು ಬೀದಿಯ ಮಾತೇ. ಸ್ವಲ್ಪ ಯೋಚಿಸಿ, ಆಗಲಿ ಮೇಡಂ ಅಂದ.

ಅತ್ತೆಗೆ ಹೇಳಿದೆ. "ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ," ಅಂತ ನಕ್ಕರು. ಇಷ್ಟು ಉಸಿರುಗಟ್ಟುವ ದಿನಗಳಲ್ಲಿ ಅತ್ತೆಗೆ ನಗು ಎಲ್ಲಿಂದ ಬರುತ್ತದೋ. ನನಗೂ ಬಂತು.

ಏಪ್ರಿಲ್ ೧೪, ಸೋಮವಾರ

ಇವತ್ತು ಬಂದಳು. ಕೈ ಇನ್ನೂ ಹಸಿ ಇದ್ದದ್ದರಿಂದ ನೀರಿಗಿಳಿಯಲಿಲ್ಲ, ಅಂಚಿನಲ್ಲಿ ಕೂತು ಕಾಲು ಬಿಟ್ಟುಕೊಂಡಳು. ಚಿಕ್ಕವಳು ಹೋಗಿ ಅವಳ ಮಡಿಲಲ್ಲಿ ಕೂತು ಕೆಮ್ಮಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಇವಳು ಎದುರುಮನೆ ಮಗುವಾ, ಕೆಮ್ಮು ಯಾವಾಗಿಂದ ಅಂತ ಕೇಳಿದಳು. ನೀವು ಬಂದ ಮೇಲೆ ಅಂದೆ.

ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಹಿಂದೆಯೇ ಹೋದೆ.

"ಅದು ಸಾಬೂನಲ್ಲ ಆಂಟಿ."

"ಗೊತ್ತು."

"ಅವನು ನನ್ನ ಗಂಡನೂ ಅಲ್ಲ."

ಪ್ಯಾಕಿಂಗ್ ಕೆಲಸ ಅಂತ ಕರೆದುಕೊಂಡು ಬಂದನಂತೆ. ಫೋನು ಕಿತ್ತುಕೊಂಡಿದ್ದಾನೆ. ಡಬ್ಬಗಳ ಮೇಲೆಲ್ಲ ನಿನ್ನದೇ ಬೆರಳಚ್ಚು, ಓಡಿಹೋದರೆ ಜೈಲಿಗೆ ಹೋಗುವವಳು ನೀನೇ ಅಂತ ಹೆದರಿಸಿದ್ದಾನೆ. ಹೆತ್ತವರಿಲ್ಲ. ಅಣ್ಣ ಇದ್ದಾನೆ, ಅವನಿಗೆ ಇವಳು ಬೇಕಿಲ್ಲ. ಇಷ್ಟನ್ನೂ ಅಳದೆ ಹೇಳಿದಳು. ನಾನು ಟವೆಲು ಹೊದಿಸಿ ಬೆನ್ನ ಮೇಲೆ ಕೈಯಿಟ್ಟ ಮೇಲೆ ಅತ್ತಳು.

ಪೊಲೀಸರ ವಿಷಯ ನಾನು ಹೇಳುವ ಹಾಗಿರಲಿಲ್ಲ. "ನಾಳೆಯೂ ಬಾ, ನಾಡಿದ್ದೂ ಬಾ. ಏನೇ ಆದರೂ ತಪ್ಪಿಸಬೇಡ," ಅಂದೆ. ನನ್ನ ಕಣ್ಣನ್ನೇ ನೋಡಿದಳು. ಬರ್ತೀನಿ ಅಂದಳು.

ಅವಳು ಹೋದ ಮೇಲೆ ಇನ್‌ಸ್ಪೆಕ್ಟರಮ್ಮನಿಗೆ ಫೋನ್ ಮಾಡಿ, ಅವಳನ್ನು ಅವನ ತಕ್ಕಡಿಯಲ್ಲಿ ತೂಗಬೇಡಿ ಅಂದೆ. ಅವಳ ಕೈ ನೋಡಿದರೇ ಗೊತ್ತಾಗುತ್ತೆ ಬಿಡಿ ಅಂದರು.

ಏಪ್ರಿಲ್ ೧೬, ಬುಧವಾರ

ಎದುರುಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ನಮ್ಮಿಬ್ಬರಿಗೂ ಹಾಸಿಗೆ ಹಾಕಿಕೊಟ್ಟಿದ್ದಾರೆ. ಅತ್ತೆ ನಿದ್ದೆ ಹೋಗಿದ್ದಾರೆ.

ಬೆಳಿಗ್ಗೆ ಫೋನ್ ಬಂತು. ಇವತ್ತು ಮಕ್ಕಳನ್ನು ಬೇಗ ಕರೆದುಕೊಂಡು ಹೋಗಿ, ನಾನು ಹೇಳುವವರೆಗೆ ಬರಬೇಡಿ, ಅತ್ತೆಯನ್ನೂ ಕರೆದುಕೊಂಡು ಹೋಗಿ. ಶಾಲೆಗೆ ಅರ್ಧ ದಿನದ ರಜೆ ಇತ್ತು, ಅನುಕೂಲವೇ ಆಯಿತು. ಇವತ್ತು ಅಜ್ಜಿಯೂ ಈಜ್ತಾರೆ ಅಂತ ಮಕ್ಕಳಿಗೆ ಹೇಳಿದೆ. ಅವು ಅತ್ತೆಯ ಕೈಹಿಡಿದು ಕುಣಿದುಕೊಂಡು ಹೊರಟವು. ಹುಡುಗಿ ಗೇಟಿನಲ್ಲಿ ತಡವಾದಳು. ಅವನು ಒಳಗಿಂದ ಏನೋ ಕೆಲಸ ಹೇಳುತ್ತಿದ್ದ. ಅಷ್ಟರಲ್ಲಿ ಅತ್ತೆ ಕೋಲಿನಿಂದ ಅವನ ಬಾಗಿಲನ್ನೇ ತಟ್ಟಿ, "ನನ್ನ ಕೈ ಹಿಡ್ಕೊಳ್ಳೋರು ಯಾರಪ್ಪಾ? ಬಿದ್ರೆ ನೀನು ಎತ್ತುತ್ತೀಯಾ?" ಅಂದರು. ಕಳಿಸಿದ.

ನೀರಿನ ಅಂಚಿನಲ್ಲಿ ಅತ್ತೆ ಸೀರೆ ಎತ್ತಿಕಟ್ಟಿ, ಕಾಲು ಇಳಿಬಿಟ್ಟು, ಪಕ್ಕದಲ್ಲಿ ಹುಡುಗಿಯನ್ನೂ ಮಡಿಲಲ್ಲಿ ಚಿಕ್ಕವಳನ್ನೂ ಇಟ್ಟುಕೊಂಡು ಕೂತರು. ನಾನು ಮಕ್ಕಳಿಗೆ ಉಸಿರು ಬಿಡುವುದು ಹೇಳಿಕೊಡುತ್ತಿದ್ದೆ, ನನ್ನ ಉಸಿರೇ ನಿಂತಿತ್ತು. ದೂರದಲ್ಲಿ ಅಗ್ನಿಶಾಮಕದ ಗಾಡಿ ಕೂಗಿದ್ದು ಕೇಳಿಸಿತು. ಹುಡುಗಿಗೂ ಕೇಳಿಸಿತು. ಅತ್ತೆ ಅವಳ ಕೈ ಬಿಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಇನ್‌ಸ್ಪೆಕ್ಟರಮ್ಮನೇ ಬಂದರು. ಯಾರಿಗೂ ಏನೂ ಆಗಿಲ್ಲ, ಬೆಂಕಿ ಬಿದ್ದಿಲ್ಲ, ಅವನೂ, ಸರಕು ಒಯ್ಯೋಕೆ ಬಂದಿದ್ದ ಅವನ ಜತೆಗಾರನೂ ಸಿಕ್ಕಿದ್ದಾರೆ ಅಂದರು. ಹುಡುಗಿಯ ಎದುರು ಬಗ್ಗಿ ಕೂತು, ಮೊದಲು ಆಸ್ಪತ್ರೆಗೆ ಹೋಗೋಣ, ಕೈ ತೋರಿಸೋಣ, ಮಾತು ಆಮೇಲೆ ಅಂದರು. ಹುಡುಗಿ ನನ್ನ ಕಡೆ ತಿರುಗಿದಳು. "ಇವತ್ತು ಪೊಲೀಸರು ಬರ್ತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಆಂಟಿ?" ಹೌದು ಅಂದೆ. ಬೈಯುತ್ತಾಳೆ ಅಂದುಕೊಂಡೆ. ಹೊದ್ದಿದ್ದ ಟವೆಲನ್ನು ಮಡಿಸಿ ನನಗೆ ಕೊಟ್ಟು, ಗಾಡಿ ಹತ್ತಿದಳು.

ಬೀದಿಯ ತುದಿಯಲ್ಲಿ ಹಗ್ಗ ಕಟ್ಟಿದ್ದರು. ಬಿಳಿ ಕವಚ ತೊಟ್ಟವರು, ಮುಖವಾಡದವರು ನಮ್ಮ ಮನೆಯಿಂದ ಒಂದೊಂದೇ ಕ್ಯಾನು ಹೊರಗೆ ತರುತ್ತಿದ್ದರು. ಕಪ್ಪು ಹಾಳೆಗಳನ್ನು ಕಿತ್ತುಹಾಕಿ ಕಿಟಕಿಗಳನ್ನೆಲ್ಲ ತೆರೆದಿದ್ದರು.

ಏಪ್ರಿಲ್ ೧೮, ಶುಕ್ರವಾರ

ಮೇಷ್ಟ್ರು ಇವತ್ತು ಎಲ್ಲರೆದುರೇ ಕೇಳಿದರು. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ? ನನ್ನ ಮೊಮ್ಮಕ್ಕಳು ಮಲಗೋ ಕೋಣೆಗೂ ನಿಮ್ಮ ಮನೆಗೂ ಮಧ್ಯ ಒಂದು ಗೋಡೆ." ಅವರು ಹೇಳಿದ್ದರಲ್ಲಿ ಸುಳ್ಳೇನಿದೆ?

ಹೊಲಿಗೆಯವರು, ಈಗ ನಾನು ಅಕ್ಕ ಅಂತಲೇ ಕರೆಯುವುದು, ತಮ್ಮ ಮಹಡಿಯಿಂದ ಇಳಿದು ಬಂದರು, ಬಾಯಲ್ಲಿ ಇನ್ನೂ ಎರಡು ಗುಂಡುಸೂಜಿ. ತೆಗೆದು ಸೆರಗಿಗೆ ಚುಚ್ಚಿಕೊಂಡು ಹೇಳಿದರು, "ಹೇಳಬೇಡಿ ಅಂತ ಪೊಲೀಸರು ಬಾಯಿ ಕಟ್ಟಿದ್ರು ಮೇಷ್ಟ್ರೇ. ಬಾಯಿ ಕಟ್ಟಿದ್ರೂ ಇವರು ಕಾಲು ಕಟ್ಕೊಂಡು ಕೂರಲಿಲ್ಲ. ದಿನಾ ನಮ್ಮ ಮಕ್ಕಳನ್ನ ಬೀದಿಯಿಂದಾಚೆ ಕರ್ಕೊಂಡು ಹೋದ್ರಲ್ಲ, ಯಾಕೆ ಅಂದ್ಕೊಂಡ್ರಿ?"

ಮೇಷ್ಟ್ರು ನಾಯಿಯನ್ನು ಎಳೆದುಕೊಂಡು ಮನೆಗೆ ಹೋದರು. ಸಂಜೆ ಮೊಮ್ಮಕ್ಕಳಿಬ್ಬರೂ ಟವೆಲು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ತಾತ ಕಳಿಸಿದ್ರು ಅಂದರು.

ಮೇ ೪, ಭಾನುವಾರ

ತುಂಬ ದಿನವಾಯಿತು ಬರೆದು. ಕೆಳಗಿನ ಮನೆಯ ಗಾರೆಯನ್ನೆಲ್ಲ ಕೆತ್ತಿ ಒಯ್ದರು. ಅದಕ್ಕೆಂದೇ ಕಲಿತವರು ಬಂದು ತೊಳೆದು, ಮತ್ತೆ ಪರೀಕ್ಷೆ ಮಾಡಿ, ಆಮೇಲೆ ಒಪ್ಪಿಗೆ ಕೊಡಬೇಕು. ಬಚ್ಚಲ ಕೊಳವೆ ಹೋಯಿತು, ಬಾಗಿಲುಗಳು ಹೋದವು, ನಮ್ಮವರು ಆಸೆಪಟ್ಟು ಮಾಡಿಸಿದ್ದ ಬೀರು ಹೋಯಿತು. ಹೋಗಲಿ.

ಇವತ್ತು ವಾಚನಾಲಯದಲ್ಲಿ ಮತ್ತೆ ಸಭೆ. ಇನ್‌ಸ್ಪೆಕ್ಟರಮ್ಮ ನನ್ನನ್ನೇ ಮಾತಾಡಿ ಅಂದರು. ನೀರಿಲ್ಲದ ಕಡೆ ನನಗೆ ಕೈಕಾಲು ಆಡುವುದಿಲ್ಲ. ಅಕ್ಕ ಹಿಂದಿನಿಂದ ತಿವಿದರು, ಎದ್ದೆ. ಏನು ಹೇಳಿದೆನೋ. ಒಳ್ಳೆಯ ಬಾಡಿಗೆಯವರು ಅಂದರೆ ಸದ್ದಿಲ್ಲದವರು ಅಂದುಕೊಂಡಿದ್ದೆ ಅಂದೆ. ಮನೆ ಕೊಟ್ಟವರು ಆಗಾಗ ಒಳಗೆ ಹೋಗಿ ನೋಡಬೇಕು, ಅದು ನಮ್ಮ ಹಕ್ಕು, ಕೊಡುವಾಗಲೇ ಹೇಳಿಬಿಡಬೇಕು ಅಂದೆ. ನಮ್ಮ ಮೂಗಿಗೆ ಬರದ ವಾಸನೆ ಪಕ್ಕದವರ ಮೂಗಿಗೆ ಬರುತ್ತೆ, ಅವರು ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ತೆರೆದು ಕೂರಿಸಬೇಕು ಅಂದೆ. ಒಂದು ಮನೆಯಲ್ಲಿ ಒಬ್ಬ ಹುಡುಗಿ ಎಂದೂ ಹೊರಗೆ ಕಾಣದಿದ್ದರೆ ಅದೂ ಒಂದು ಗುರುತೇ ಅಂದೆ. ಅಷ್ಟು ಹೇಳಿ ಕೂತೆ.

ಮೇಷ್ಟ್ರು ಮೊದಲ ಸಾಲಿನಲ್ಲಿದ್ದರು, ನಾಯಿಯೂ. ಎದ್ದು ನಿಂತು, ಈ ವಿಷಯವನ್ನು ಬರೀ ಹಾಲಿನಲ್ಲಿ ಹೇಳಿದರೆ ಸಾಲದು, ಬಾಡಿಗೆಗೆ ಕೊಡುವವರ ಮನೆಮನೆಗೂ ಹೋಗಿ ಹೇಳೋಣ, ನಾನು ದಿನಾ ನಡೆಯುವವನು, ಪೂರ್ವದ ಬೀದಿಗಳು ನನಗಿರಲಿ ಅಂದರು. ಪಶ್ಚಿಮದವು ನನಗೂ ಅಕ್ಕನಿಗೂ ಬಂದವು.

ಜೂನ್ ೧೦, ಮಂಗಳವಾರ

ಎರಡು ವಾರವಾಯಿತು ನಾವು ಮಹಡಿಗೆ ವಾಪಸು ಬಂದು. ಕೆಳಗೆ ಹೊಸ ಗಾರೆ ಇನ್ನೂ ಒಣಗುತ್ತಿದೆ. ಚಿಕ್ಕವಳ ಕೆಮ್ಮು ನಿಂತಿದೆ. ಅತ್ತೆಗೆ ಸ್ವಲ್ಪ ಉಬ್ಬಸ ಉಳಿದಿದೆ. ಡಾಕ್ಟರು ಪೂರ್ತಿ ಹೋಗುತ್ತೆ ಅಂತ ಹೇಳಲಿಲ್ಲ, ಹೋಗಲ್ಲ ಅಂತಲೂ ಹೇಳಲಿಲ್ಲ.

ಹುಡುಗಿ ಇವತ್ತು ಈಜುಕೊಳಕ್ಕೆ ಬಂದಿದ್ದಳು. ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಾಳಂತೆ, ಅವಳ ಮೇಲೆ ಕೇಸಿಲ್ಲ. ಮಹಿಳಾ ಹಾಸ್ಟೆಲಿನಲ್ಲಿದ್ದಾಳೆ, ಬೇಕರಿಯಲ್ಲಿ ಕೆಲಸ ಸಿಕ್ಕಿದೆ. ಬೆಳಿಗ್ಗೆ ಎದ್ದ ಕೂಡಲೇ ಅಂಗಡಿಯ ಎಲ್ಲ ಕಿಟಕಿ ತೆಗೆಯುವುದು ನನ್ನ ಕೆಲಸ ಆಂಟಿ ಅಂದಳು. ಕೈಯ ಮೇಲೆ ಕಲೆ ಇದೆ, ಗಾಯ ಒಣಗಿದೆ. ಅವಳಿಗೆ ನನ್ನ ಮೇಲೆ ಸಿಟ್ಟಿತ್ತಂತೆ. ಆಸ್ಪತ್ರೆಯಲ್ಲಿ ಮೂರು ದಿನ ಸಿಟ್ಟು ಮಾಡಿಕೊಂಡೇ ಇದ್ದೆ, ಆಮೇಲೆ ನಿಮ್ಮತ್ತೆ ಊಟ ಹಿಡಿದು ಬಂದರು ಅಂದಳು. ಅತ್ತೆ ಯಾವಾಗ ಹೋಗಿದ್ದರು? ನನಗೆ ಹೇಳಿಯೇ ಇಲ್ಲ. ಅಕ್ಕನ ಜತೆ ಹೋಗಿದ್ದರಂತೆ, ಕಣ್ಣು ತೋರಿಸೋಕೆ ಅಂತ ನನಗೆ ಸುಳ್ಳು ಹೇಳಿ. ಮನೆಗೆ ಬಂದು ಕೇಳಿದರೆ, "ಎಲ್ಲಾ ನಿನಗೆ ಹೇಳಿಯೇ ಮಾಡಬೇಕಾ?" ಅಂದರು.

ಹುಡುಗಿಯನ್ನು ನೀರಿಗಿಳಿಸಿದೆ. ಬೆನ್ನ ಕೆಳಗೆ ನನ್ನ ಎರಡು ಕೈ. ಮೈ ಸೆಟೆದುಕೊಂಡಿತ್ತು. ಕತ್ತು ಬಿಡು, ಹೊಟ್ಟೆ ಬಿಡು, ನೀರು ಹಿಡಿದುಕೊಳ್ಳುತ್ತೆ ಅನ್ನುತ್ತಾ ಹೋದೆ. ಮೊದಲು ಒಂದು ಕೈ ತೆಗೆದೆ. ಆಮೇಲೆ ಇನ್ನೊಂದು. ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಗಾಬರಿಯಾಗಿ ಮುಳುಗಿ, ಮೂಗಲ್ಲೆಲ್ಲ ನೀರು ತುಂಬಿಕೊಂಡು ಎದ್ದು, ಇನ್ನೊಂದು ಸಲ ಅಂದಳು.

ಜುಲೈ ೨, ಬುಧವಾರ

ಬೇಗ ಬರೆದು ಮುಗಿಸಬೇಕು. ಕೆಳಗಿನ ಮನೆ ನೋಡೋಕೆ ಒಂದು ಸಂಸಾರ ಬಂದಿತ್ತು, ಗಂಡ, ಹೆಂಡತಿ, ಮೂರು ಮಕ್ಕಳು, ಒಂದು ತಬಲಾ. ಮನೆ ತೋರಿಸಬೇಕಿದ್ದವಳು ನಾನು. ನಾನು ಕೆಲಸದಿಂದ ಬರುವಷ್ಟರಲ್ಲಿ ಮೇಷ್ಟ್ರು, ಅಕ್ಕ, ಅತ್ತೆ ಮೂವರೂ ಅವರನ್ನು ನಡುವೆ ಕೂರಿಸಿಕೊಂಡು ಹೆಣ್ಣು ನೋಡುವ ಶಾಸ್ತ್ರದ ಹಾಗೆ ವಿಚಾರಿಸಿ ಮುಗಿಸಿದ್ದರು. ಗದ್ದಲದ ಸಂಸಾರ. ಮಕ್ಕಳು ಮೆಟ್ಟಿಲ ಮೇಲೇ ಜಗಳ ಶುರು ಮಾಡಿದವು. ಒಪ್ಪಿಗೆ ಅಂದೆ.

ಅವರು ಹೋದ ಮೇಲೂ ಒಬ್ಬ ಹೆಂಗಸು ಗೇಟಿನ ಹೊರಗೆ ನಿಂತೇ ಇದ್ದಳು. ಅವರ ಜತೆಯವಳು ಅಂದುಕೊಂಡಿದ್ದೆ, ಅಲ್ಲ. ನಾಲ್ಕು ಬೀದಿ ಆಚೆಯವಳು. ಸೆರಗಿನ ತುದಿ ಹಿಂಡುತ್ತಾ, ನನ್ನ ಭ್ರಮೆಯೇ ಇರಬಹುದು, ಹೇಳಿದರೆ ನಗ್ತೀರೇನೋ ಅಂದಳು. ಅವಳ ಮನೆಯ ಹಿಂದೆ ಒಂದು ಮನೆ, ಕಿಟಕಿ ತೆರೆದದ್ದೇ ಇಲ್ಲವಂತೆ. ವಾಸನೆ ಬರುತ್ತಂತೆ, ಅವಳ ಮನೆಯವರೇ ನಿನಗೆ ಹುಚ್ಚು ಅಂದರಂತೆ.

"ನಗಲ್ಲ," ಅಂದೆ. "ಮೇಲೆ ಬನ್ನಿ."

ಇವತ್ತು ಬೆಳಿಗ್ಗೆಯೂ ಒಂದು ಸಲ ಬಂದು ಹೋಗಿದ್ದಳಂತೆ, ನಾನಿರಲಿಲ್ಲ. "ನಿಮ್ಮ ತಾಯಿ ಒಳಗೆ ಕರೆದು ಕೂರಿಸಿದ್ರು," ಅಂದಳು ಮೆಟ್ಟಿಲು ಹತ್ತುತ್ತಾ. "ಸಂಜೆ ಬನ್ನಿ, ಮಗಳು ಬಂದಿರ್ತಾಳೆ, ಎಲ್ಲಾ ನೋಡ್ಕೊಳ್ತಾಳೆ ಅಂದ್ರು."

ತಾಯಿ ಅಲ್ಲ, ಅತ್ತೆ ಅಂತ ತಿದ್ದಬೇಕಿತ್ತು. ಆಕೆ ಅಳುವುದರಲ್ಲಿದ್ದಳು, ತಿದ್ದುತ್ತಾ ಕೂರೋಕೆ ಹೊತ್ತಿರಲಿಲ್ಲ. ಈಗ ಒಳಗೆ ಕೂತಿದ್ದಾಳೆ, ಅಕ್ಕನೂ ಬಂದಾಗಿದೆ, ಇನ್‌ಸ್ಪೆಕ್ಟರಮ್ಮನಿಗೆ ಫೋನ್ ಹೋಗಿದೆ. ಅಮ್ಮ ಒಳಗಿಂದ ಕರೀತಿದ್ದಾರೆ, ಬರೆದದ್ದು ಸಾಕು ಬಾ ಅಂತ.